ಕೊಂಡ ರಕ್ತ, ಕಸಿದ ಗೆಲುವು

ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ಎರಿಥ್ರೊಪೊಯೆಟಿನ್ ಎಂಬ ಚುಚ್ಚುಮದ್ದು ಅಪರಿಚಿತವಲ್ಲ. ಉಚ್ಚರಿಸಲು ತೊಡಕಾದ ಈ ಹೆಸರನ್ನು ವೈದ್ಯರು ಇ.ಪಿ.ಓ. ಎಂದು ಚಿಕ್ಕದಾಗಿ ಕರೆಯುತ್ತಾರೆ. ರಕ್ತ ಕಡಿಮೆಯಾಗಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ರೋಗಿಯನ್ನು ಮತ್ತೆ ಮನೆಯಂಗಳದಲ್ಲಿ ಓಡಾಡುವಂತೆ ಮಾಡಿದ ಔಷಧಿಯಿದು. ಪದೇ ಪದೇ ಬೇರೆಯವರ ರಕ್ತ ಏರಿಸಿಕೊಳ್ಳಬೇಕಾದ ಅವಸ್ಥೆಯಿಂದ ಅಸಂಖ್ಯಾತ ರೋಗಿಗಳನ್ನು ಪಾರುಮಾಡಿದ ಕೀರ್ತಿ ಇದಕ್ಕೆ ಸಲ್ಲುತ್ತದೆ. ಇದೇ ಔಷಧಿಯು ಯಾವ ರೋಗವೂ ಇಲ್ಲದ, ಜಗತ್ತಿನ ಅತ್ಯಂತ ಸದೃಢ ದೇಹಗಳಲ್ಲೊಂದನ್ನು ಹೊಕ್ಕು, ಆ ದೇಹದ ಒಡತಿಯು ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಮಣ್ಣುಪಾಲು ಮಾಡಿದ ಸಂಗತಿಯನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ.

ಕ್ರೀಡಾಪುಟಕ್ಕೆ ಸೇರಬೇಕಾದ ವಿಷಯ ಆರೋಗ್ಯ ವಿಭಾಗದಲ್ಲೇಕೆ ಎಂದು ಕೆಲವರು ಕೇಳಬಹುದು. ಪದಕ, ದಾಖಲೆ, ನಿಷೇಧ ಇವಷ್ಟೇ ಆಗಿದ್ದರೆ ಅದು ಆ ಪುಟದ ವಿಷಯವೇ ಹೌದು. ಆದರೆ ಔಷಧಿ ಇರುವುದು ಯಾರಿಗಾಗಿ, ಆರೋಗ್ಯವಂತರು ಅದನ್ನು ತೆಗೆದುಕೊಂಡಾಗ ನಷ್ಟವಾಗುವುದು ಯಾರಿಗೆ ಎಂಬುವು ಆರೋಗ್ಯದ ಪ್ರಶ್ನೆಗಳೇ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗೆಲುವಿಗಾಗಿ ಮದ್ದು ಚುಚ್ಚಿಸಿಕೊಳ್ಳುವವರು ನಿಯಮವೊಂದನ್ನು ಮುರಿಯುವುದಷ್ಟೇ ಅಲ್ಲ, ಎರಡು ಕಡೆ ಕಳವು ಮಾಡುತ್ತಾರೆ: ತಮ್ಮ ದೇಹದಿಂದ ಒಂದು, ಪಕ್ಕದಲ್ಲಿ ಓಡುವವರಿಂದ ಇನ್ನೊಂದು. ಮೊದಲನೆಯ ನಷ್ಟವನ್ನು ವೈದ್ಯರು ಒಂದಿಷ್ಟಾದರೂ ತುಂಬಿಕೊಟ್ಟಾರು. ಎರಡನೆಯದನ್ನು ಯಾವ ನ್ಯಾಯಮಂಡಳಿಯೂ ಪೂರ್ತಿಯಾಗಿ ತುಂಬಿಕೊಡಲಾರದು.

ರೀಟಾ ಜೆಪ್ಟೂ ೧೯೮೧ರಲ್ಲಿ ಕೀನ್ಯಾ ದೇಶದಲ್ಲಿ ಹುಟ್ಟಿದರು. ದೂರದ ಓಟಗಾರರ ತವರೆಂದು ಜಗತ್ತೇ ಬಲ್ಲ ಆ ದೇಶದ ಪಶ್ಚಿಮದ ಎತ್ತರದ ಸೀಮೆಯಲ್ಲಿ ಎಲ್ಡೊರೆಟ್, ಇಟೆನ್ ಮೊದಲಾದ ಊರುಗಳು ಸಮುದ್ರಮಟ್ಟದಿಂದ ೨,೦೦೦ ಮೀಟರಿಗೂ ಮೇಲಿವೆ. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಎತ್ತರದಲ್ಲಿ ಅಲ್ಲಿನ ಜನ ನಿತ್ಯದ ಬಾಳು ಬಾಳುತ್ತಾರೆ. ಮ್ಯಾರಥಾನ್ ಎಂದರೆ ೪೨ ಕಿಲೋಮೀಟರಿಗೂ ತುಸು ಹೆಚ್ಚು ದೂರದ ಓಟ. ಅಮೆರಿಕದ ಬಾಸ್ಟನ್ ನಗರದಲ್ಲಿ ೧೮೯೭ರಿಂದ ನಡೆದುಬಂದಿರುವ ಮ್ಯಾರಥಾನ್ ಓಟಕ್ಕೆ ಲೋಕದಲ್ಲಿ ವಿಶೇಷ ಮನ್ನಣೆಯಿದೆ. ಜೆಪ್ಟೂ ೨೦೦೬ರಲ್ಲಿ ಅದನ್ನು ಮೊದಲ ಬಾರಿ ಗೆದ್ದರು. ನಡುವೆ ತಾಯಿಯಾದರು. ಬಹುಪಾಲು ಓಟಗಾರರು ಅಲ್ಲಿಗೆ ಮುಗಿಯಿತೆಂದುಕೊಳ್ಳುವ ವಯಸ್ಸಿನಲ್ಲಿ ಮರಳಿ ಬಂದು ೨೦೧೩ರ ಏಪ್ರಿಲ್‌ನಲ್ಲಿ ಅದೇ ಓಟವನ್ನು ಎರಡನೆಯ ಸಲ ಗೆದ್ದರು. ಆ ವರ್ಷದ ಓಟವನ್ನು ಲೋಕ ಮರೆತಿಲ್ಲ. ಅವರು ಗೆದ್ದ ಕೆಲವು ಗಂಟೆಗಳ ತರುವಾಯ ಗುರಿಗೆರೆಯ ಬಳಿ ಬಾಂಬುಗಳು ಸಿಡಿದು ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಶಿಕಾಗೊ ನಗರದ ಮ್ಯಾರಥಾನನ್ನೂ ಅವರು ಗೆದ್ದರು.

೨೦೧೪ರ ಏಪ್ರಿಲ್ ೨೧ರಂದು, ದುರಂತದ ಮರುವರ್ಷ, ಬಾಸ್ಟನ್ ನಗರವೆಲ್ಲ ದಾರಿಯ ಎರಡೂ ಬದಿಗೆ ಬಂದು ನಿಂತಿತ್ತು. ಅಂದು ಜೆಪ್ಟೂ ೨ ಗಂಟೆ ೧೮ ನಿಮಿಷ ೫೭ ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಹನ್ನೆರಡು ವರ್ಷ ಯಾರೂ ಮುಟ್ಟದಿದ್ದ ಆ ದಾರಿಯ ದಾಖಲೆ ಒಂದೂಮುಕ್ಕಾಲು ನಿಮಿಷದಷ್ಟು ಹಿಂದೆ ಬಿತ್ತು. ಇಂಥ ಓಟದಲ್ಲಿ ಅದು ಅಲ್ಪಸ್ವಲ್ಪದ ಅಂತರವಲ್ಲ. ಗೆದ್ದವರಿಗೆ ೧,೫೦,೦೦೦ ಡಾಲರ್ ಬಹುಮಾನ, ದಾಖಲೆಗೆ ಬೇರೆಯಾಗಿ ೨೫,೦೦೦ ಡಾಲರ್. ಅಂದಿನ ದರದಲ್ಲಿ ಮೊದಲ ಬಹುಮಾನವೊಂದೇ ಸುಮಾರು ೯೦ ಲಕ್ಷ ರೂಪಾಯಿ. ಆ ವರ್ಷ ಅಕ್ಟೋಬರಿನಲ್ಲಿ ಶಿಕಾಗೊದಲ್ಲಿಯೂ ಅವರೇ ಮೊದಲಿಗರು. ಜಗತ್ತಿನ ದೊಡ್ಡ ಮ್ಯಾರಥಾನ್‌ಗಳಲ್ಲಿ ಒಟ್ಟಾರೆ ಹೆಚ್ಚು ಅಂಕ ಗಳಿಸಿದವರಿಗೆ ಸಲ್ಲುವ ೫,೦೦,೦೦೦ ಡಾಲರ್ ಬಹುಮಾನ ಇನ್ನು ಅವರದೇ ಎಂದಾಗಿತ್ತು. ನ್ಯೂಯಾರ್ಕಿನಲ್ಲಿ ಅದನ್ನು ಪ್ರದಾನಮಾಡುವ ಸಮಾರಂಭಕ್ಕೆ ಸಿದ್ಧತೆಯೂ ನಡೆದಿತ್ತು.

ಸಮಾರಂಭ ನಡೆಯಲಿಲ್ಲ. ಶಿಕಾಗೊ ಓಟಕ್ಕೆ ಮೊದಲೇ, ಸೆಪ್ಟೆಂಬರ್ ೨೫ರಂದು, ಕೀನ್ಯಾದಲ್ಲಿ ಮುನ್ಸೂಚನೆಯಿಲ್ಲದೆ ಅವರಿಂದ ಪರೀಕ್ಷೆಗೆ ಮಾದರಿಯನ್ನು ಸಂಗ್ರಹಿಸಲಾಗಿತ್ತು. ಫಲಿತಾಂಶವಿನ್ನೂ ಹೊರಬೀಳುವ ಮುನ್ನವೇ ಅವರು ಶಿಕಾಗೊಕ್ಕೆ ಹೋಗಿ, ಓಡಿ, ಗೆದ್ದು ಬಂದಿದ್ದರು. ಅಕ್ಟೋಬರ್ ಕೊನೆಗೆ ಸುದ್ದಿ ಹೊರಬಿತ್ತು: ಮಾದರಿಯಲ್ಲಿ ಇ.ಪಿ.ಓ. ಇತ್ತು. ಕೀನ್ಯಾದ ಕ್ರೀಡಾಸಂಸ್ಥೆ ೨೦೧೫ರಲ್ಲಿ ಎರಡು ವರ್ಷಗಳ ನಿಷೇಧ ವಿಧಿಸಿತು. ಅದು ಸಾಲದೆಂದು ಅಂತಾರಾಷ್ಟ್ರೀಯ ಒಕ್ಕೂಟವು ಕ್ರೀಡಾ ನ್ಯಾಯಮಂಡಳಿಯ ಮೊರೆಹೊಕ್ಕಿತು. ೨೦೧೬ರ ಅಕ್ಟೋಬರಿನಲ್ಲಿ ಬಂದ ತೀರ್ಪು ನಿಷೇಧವನ್ನು ನಾಲ್ಕು ವರ್ಷಗಳಿಗೆ ಏರಿಸಿತು. ೨೦೧೪ರ ಏಪ್ರಿಲ್ ೧೭ರಿಂದಾಚೆಗಿನ ಅವರ ಎಲ್ಲ ಫಲಿತಾಂಶಗಳನ್ನು ರದ್ದುಪಡಿಸಿತು. ಬಾಸ್ಟನ್ ಓಟ ನಡೆದದ್ದು ಅದಾದ ನಾಲ್ಕನೆಯ ದಿನ.

ಇಷ್ಟಕ್ಕೂ ಈ ಇ.ಪಿ.ಓ. ಮಾಡುವ ಕೆಲಸವಾದರೂ ಏನು? ನಮ್ಮೆಲ್ಲರ ದೇಹದಲ್ಲಿಯೂ ಅದು ಸಹಜವಾಗಿಯೇ ಇದೆ. ಮೂತ್ರಪಿಂಡಗಳು ರಕ್ತವನ್ನು ಶುದ್ಧಿಮಾಡುವುದರ ಜೊತೆಗೆ ಅದರಲ್ಲಿ ಆಮ್ಲಜನಕ ಎಷ್ಟಿದೆಯೆಂಬುದನ್ನೂ ಗಮನಿಸುತ್ತಿರುತ್ತವೆ. ಕಡಿಮೆಯೆನಿಸಿದೊಡನೆ ಈ ರಸದೂತವನ್ನು ಸ್ರವಿಸುತ್ತವೆ. ಅದು ರಕ್ತದೊಡನೆ ಸಾಗಿ ಎಲುಬುಗಳೊಳಗಿನ ಮಜ್ಜೆಯನ್ನು ಮುಟ್ಟಿ, ಇನ್ನಷ್ಟು ಕೆಂಪು ಕಣಗಳನ್ನು ಹುಟ್ಟಿಸೆಂದು ಪ್ರೇರೇಪಿಸುತ್ತದೆ. ಆರೋಗ್ಯವಂತ ಮನುಷ್ಯನ ಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು ೨೦ ಲಕ್ಷ ಕೆಂಪು ಕಣಗಳನ್ನು ಉತ್ಪಾದಿಸುತ್ತದೆ. ಒಂದೊಂದು ಕಣವೂ ಸುಮಾರು ೧೨೦ ದಿನ ಬದುಕುತ್ತದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮಾಂಸಖಂಡಗಳಿಗೆ ತಲುಪಿಸುವ ಕೂಲಿಯಾಳುಗಳು ಈ ಕಣಗಳು. ಎತ್ತರದ ನಾಡಿನಲ್ಲಿ ಗಾಳಿ ತೆಳುವಾಗಿ ಆಮ್ಲಜನಕ ಕಡಿಮೆ ದಕ್ಕುವುದರಿಂದ ಅಲ್ಲಿಯವರ ದೇಹ ಈ ಕೆಲಸದಲ್ಲಿ ಇನ್ನಷ್ಟು ಪಳಗಿರುತ್ತದೆ. ಜೆಪ್ಟೂ ಅವರ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಕಾಡುವ ಅಂಶವೂ ಇದೇ. ಹುಟ್ಟಿದ ನೆಲ ಯಾವುದನ್ನು ಕಾಸಿಲ್ಲದೆ ಕೊಟ್ಟಿತ್ತೋ ಅದರ ನಕಲನ್ನು ಅವರು ಶೀಷೆಯಲ್ಲಿ ಪಡೆದರು.

ಮೂತ್ರಪಿಂಡಗಳು ಸೋತವರಲ್ಲಿ ಈ ರಸದೂತವೇ ಹುಟ್ಟುವುದಿಲ್ಲ. ಆದ್ದರಿಂದ ರಕ್ತ ಬತ್ತುತ್ತದೆ. ಅವರಿಗಾಗಿಯೇ ವಿಜ್ಞಾನಿಗಳು ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅವುಗಳಿಂದ ಇ.ಪಿ.ಓ. ತಯಾರಿಸಿದರು. ೧೯೮೯ರಲ್ಲಿ ಅಮೆರಿಕದ ಸರ್ಕಾರ ಅದರ ಬಳಕೆಗೆ ಅನುಮತಿ ನೀಡಿತು. ಮರುವರ್ಷವೇ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ನಿಷೇಧಿತ ಮದ್ದುಗಳ ಪಟ್ಟಿಗೆ ಸೇರಿಸಬೇಕಾಯಿತು. ರೋಗಿಯ ಹಾಸಿಗೆಯಿಂದ ಆಟದ ಮೈದಾನಕ್ಕೆ ಅದು ಅಷ್ಟು ಬೇಗ ನಡೆದುಹೋಗಿತ್ತು. ಪ್ರಯೋಗಾಲಯದಲ್ಲಿ ತಯಾರಾದುದಕ್ಕೂ ದೇಹದಲ್ಲಿ ಹುಟ್ಟಿದುದಕ್ಕೂ ರಚನೆಯಲ್ಲಿ ಸೂಕ್ಷ್ಮವಾದ ವ್ಯತ್ಯಾಸವಿದೆ. ಅದನ್ನು ಗುರುತಿಸುವ ಪರೀಕ್ಷೆ ಒಲಿಂಪಿಕ್ಸ್‌ನಲ್ಲಿ ಬಳಕೆಗೆ ಬಂದದ್ದು ೨೦೦೦ದ ಸಿಡ್ನಿ ಕ್ರೀಡಾಕೂಟದ ಹೊತ್ತಿಗೆ. ಹತ್ತು ವರ್ಷ ಕಳ್ಳನಿಗೆ ಬಾಗಿಲು ತೆರೆದೇ ಇತ್ತು ಎಂದಾಯಿತು.

ಕೆಂಪು ಕಣಗಳು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಸರಳವಾಗಿ ಯೋಚಿಸುವವರುಂಟು. ರಕ್ತವೆಂದರೆ ಕಣಗಳಷ್ಟೇ ಅಲ್ಲ. ಕಣಗಳನ್ನು ತೇಲಿಸುವ ದ್ರವವೂ ಹೌದು. ಕಣಗಳು ಮಿತಿಮೀರಿದಾಗ ರಕ್ತ ಮಂದವಾಗುತ್ತದೆ. ಗಂಜಿ ಗಟ್ಟಿಯಾದಷ್ಟೂ ಸೌಟು ತಿರುವಲು ತ್ರಾಣ ಬೇಕಾಗುವಂತೆ, ಅಂಥ ರಕ್ತವನ್ನು ದೂಡಲು ಹೃದಯ ಹೆಚ್ಚು ಶ್ರಮಿಸಬೇಕಾಗುತ್ತದೆ. ರಕ್ತದೊತ್ತಡ ಏರುತ್ತದೆ. ನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಹೆಪ್ಪು ಹೃದಯದ ನಾಳದಲ್ಲಿ ಸಿಕ್ಕಿಕೊಂಡರೆ ಹೃದಯಾಘಾತ, ಮೆದುಳಿನಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಮ್ಯಾರಥಾನ್ ಓಡುವವರು ಎರಡು ಮೂರು ಗಂಟೆ ಬೆವರು ಸುರಿಸುತ್ತಾರೆ. ದೇಹದ ನೀರು ಬತ್ತಿ ಮೊದಲೇ ಮಂದವಾದ ರಕ್ತ ಮತ್ತಷ್ಟು ಮಂದವಾಗುತ್ತದೆ.

ರೋಗಿಗಳ ವಿಷಯದಲ್ಲಿಯೂ ವೈದ್ಯಲೋಕ ಈ ಪಾಠವನ್ನು ಕಲಿಯಬೇಕಾಯಿತು. ಮೂತ್ರಪಿಂಡದ ರೋಗಿಗಳಲ್ಲಿ ಹಿಮೋಗ್ಲೋಬಿನ್ ಪ್ರಮಾಣವನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸಿದರೆ ಇನ್ನೂ ಸುಖವಾಗಿರುತ್ತಾರೆಂದು ಭಾವಿಸಿ ಅಧ್ಯಯನಗಳು ನಡೆದವು. ೨೦೦೬ರಲ್ಲಿ ಪ್ರಕಟವಾದ ಅಂಥ ಒಂದು ದೊಡ್ಡ ಅಧ್ಯಯನದಲ್ಲಿ ಕಂಡದ್ದು ವ್ಯತಿರಿಕ್ತ ಫಲ: ಹೆಚ್ಚು ಏರಿಸಿದವರ ಗುಂಪಿನಲ್ಲಿಯೇ ಸಾವು ಹಾಗೂ ಹೃದಯ ಸಂಬಂಧಿ ತೊಂದರೆಗಳು ಹೆಚ್ಚಿದ್ದವು. ಮರುವರ್ಷ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಈ ಮದ್ದುಗಳ ವಿವರಣಪತ್ರದ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ರೋಗಿಗೇ ಅಳತೆ ಮೀರಿದರೆ ಅಪಾಯವಾಗುವುದು, ಮೊದಲೇ ತುಂಬು ರಕ್ತವಿರುವ ಓಟಗಾರರಿಗೆ ಹೇಗೆ ನಿರಪಾಯವಾದೀತು? ಇನ್ನೂ ಒಂದು ಅಪಾಯವಿದೆ. ಹೊರಗಿನಿಂದ ಬಂದ ಈ ವಸ್ತುವಿನ ವಿರುದ್ಧ ಕೆಲವು ರೋಗಿಗಳ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಸಹಜವಾಗಿ ಹುಟ್ಟುವ ಇ.ಪಿ.ಓ.ವನ್ನೂ ನಿಷ್ಫಲಗೊಳಿಸಿಬಿಟ್ಟ ನಿದರ್ಶನಗಳಿವೆ. ರಕ್ತ ಹೆಚ್ಚಿಸಲು ಹೋಗಿ ಇದ್ದ ರಕ್ತವೂ ಬತ್ತುವ ಸ್ಥಿತಿಯದು. ತನ್ನ ದೇಹದಿಂದ ಮಾಡುವ ಕಳವೆಂದು ನಾವು ಕರೆದದ್ದು ಇದನ್ನು.

ಆಯಾಸದ ಬಗೆಗೂ ಇಲ್ಲಿ ಒಂದು ಮಾತು ಹೇಳಬೇಕು. ಏದುಸಿರು, ಕಾಲಿನ ನೋವು, ಇನ್ನು ಸಾಕೆಂಬ ಒಳಗಿನ ಕೂಗು ಇವನ್ನೆಲ್ಲ ಶತ್ರುಗಳೆಂದು ಭಾವಿಸುವ ಓಟಗಾರರು ಮದ್ದಿನಿಂದ ಅವುಗಳ ಬಾಯಿ ಮುಚ್ಚಿಸಲು ಹೊರಡುತ್ತಾರೆ. ಅವು ದೇಹವನ್ನು ಕಾಯುವ ಕಾವಲುಗಾರರು. ಅಭ್ಯಾಸದಿಂದ ಶಕ್ತಿ ಬೆಳೆದಾಗ ಕಾವಲುಗಾರರು ತಾವಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ದಾರಿ ಬಿಡುತ್ತಾರೆ. ಹೃದಯ, ನಾಳ, ಕೀಲು, ಸ್ನಾಯುಗಳೆಲ್ಲ ಒಟ್ಟೊಟ್ಟಿಗೆ ಬಲಿಯುವ ನಿಧಾನದ ದಾರಿಯದು. ಮದ್ದಾದರೋ ರಕ್ತವೊಂದನ್ನು ಮುಂದಕ್ಕೆ ದೂಡಿ ಉಳಿದೆಲ್ಲವನ್ನೂ ಹಿಂದೆಯೇ ಬಿಡುತ್ತದೆ.

ಜೆಪ್ಟೂ ಅವರು ಅರಿಯದೆ ಎಡವಿದರೇ? ರಸ್ತೆ ಅಪಘಾತವೊಂದರ ನಂತರ ಆಸ್ಪತ್ರೆಯಲ್ಲಿ ಕೊಟ್ಟ ಚಿಕಿತ್ಸೆಯಿಂದ ಹೀಗಾಗಿರಬಹುದೆಂದು ಅವರು ಹೇಳಿಕೊಂಡದ್ದುಂಟು. ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ವೈದ್ಯನೊಬ್ಬನೊಂದಿಗಿನ ದೀರ್ಘಕಾಲದ ಸಂಬಂಧ, ಅನೇಕ ಸಲದ ಭೇಟಿಗಳು, ಅವನ್ನು ತಮ್ಮ ತರಬೇತುದಾರ ಹಾಗೂ ವ್ಯವಸ್ಥಾಪಕರಿಂದಲೂ ಮರೆಮಾಚಿದ್ದು, ಮೊಬೈಲಿನ ಸಂದೇಶಗಳು ಇವೆಲ್ಲ ಮೊದಲೇ ಹಾಕಿದ ಯೋಜನೆಯನ್ನು ಸೂಚಿಸುತ್ತವೆಂದು ಅದು ಕಂಡುಕೊಂಡಿತು. ಇಲ್ಲಿ ಓಟಗಾರ್ತಿಯ ತಪ್ಪಿನಷ್ಟೇ ನಮ್ಮನ್ನು ಕಲಕುವುದು ವೈದ್ಯವೃತ್ತಿಯ ಪಾತ್ರ. ಇಂಥ ಚುಚ್ಚುಮದ್ದು ತಾನಾಗಿ ಯಾರ ತೋಳನ್ನೂ ಸೇರುವುದಿಲ್ಲ. ಪ್ರಮಾಣ ಬಲ್ಲವರೊಬ್ಬರು, ಸೂಜಿ ಹಿಡಿಯಬಲ್ಲವರೊಬ್ಬರು, ಅಂಗಡಿಯಿಂದ ಹೊರಗೆ ಸಾಗಿಸಬಲ್ಲವರೊಬ್ಬರು ಬೇಕು. ಬಹುಮಾನದ ವೇದಿಕೆಯ ಮೇಲೂ ಶಿಕ್ಷೆಯ ಕಟಕಟೆಯಲ್ಲೂ ಕಾಣಿಸಿಕೊಳ್ಳುವುದು ಓಟಗಾರರು ಮಾತ್ರ. ಉಳಿದವರ ಹೆಸರು ಲೋಕಕ್ಕೆ ತಿಳಿಯುವುದು ಅಪರೂಪ. ರೋಗಿಯ ಸಂಕಟ ಕಳೆಯಲೆಂದು ಕಲಿತ ವಿದ್ಯೆಯನ್ನು ಹೀಗೆ ಬಾಡಿಗೆಗೆ ಬಿಡುವುದು ಕಾಯಕಕ್ಕೆ ಬಗೆಯುವ ದ್ರೋಹ. ಅವರನ್ನೂ ಅಷ್ಟೇ ಕಟುವಾಗಿ ದಂಡಿಸದ ಹೊರತು ಈ ಪಿಡುಗು ನಿಲ್ಲದೆಂಬುದು ನಮ್ಮ ದೃಢವಾದ ನಂಬಿಕೆ.

ಇನ್ನು ಎರಡನೆಯ ಕಳವಿನ ಮಾತು. ೨೦೧೪ರ ಆ ದಿನ ಬಾಸ್ಟನ್ನಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದವರು ಬುಜುನೆಶ್ ದೇಬಾ. ಇಥಿಯೋಪಿಯಾದಲ್ಲಿ ಹುಟ್ಟಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ನೆಲೆಸಿದ ಓಟಗಾರ್ತಿ. ಅವರ ಕಾಲ ೨ ಗಂಟೆ ೧೯ ನಿಮಿಷ ೫೯ ಸೆಕೆಂಡು. ಅದೂ ಹಳೆಯ ದಾಖಲೆಗಿಂತ ವೇಗವಾದ ಓಟವೇ. ಆದರೆ ೬೨ ಸೆಕೆಂಡು ಮುಂದೆ ಇನ್ನೊಬ್ಬರು ಗುರಿ ದಾಟಿದ್ದರಿಂದ ಅಂದಿನ ಜಯಘೋಷ, ಹಸಿರೆಲೆಯ ಕಿರೀಟ, ರಾಷ್ಟ್ರಗೀತೆ, ಮರುದಿನದ ಪತ್ರಿಕೆಗಳ ಮುಖಪುಟ ಯಾವುದೂ ಅವರದಾಗಲಿಲ್ಲ. ಎರಡೂವರೆ ವರ್ಷಗಳ ನಂತರ ತೀರ್ಪು ಬಂದಾಗ ಅವರೇ ವಿಜೇತರೆಂದಾಯಿತು. ಅಷ್ಟರಲ್ಲಿ ದಾರಿಯ ಎರಡು ಬದಿಯ ಜನಸಾಗರ ಎಂದೋ ಚದುರಿಹೋಗಿತ್ತು.

ಗೌರವ ತಡವಾಗಿ ಬಂದರೂ ಹಣವಾದರೂ ಬಂದಿತೇ? ಎರಡನೆಯ ಸ್ಥಾನಕ್ಕೆ ೭೫,೦೦೦ ಡಾಲರ್ ಸಂದಿತ್ತು. ಮೊದಲ ಸ್ಥಾನದ ಉಳಿದ ೭೫,೦೦೦ವೂ ದಾಖಲೆಯ ೨೫,೦೦೦ವೂ ಸೇರಿ ಒಂದು ಲಕ್ಷ ಡಾಲರ್ ಸಲ್ಲಬೇಕಾಗಿತ್ತು. ಕೊಟ್ಟ ಹಣವನ್ನು ಜೆಪ್ಟೂ ಅವರಿಂದ ವಸೂಲು ಮಾಡುವುದು ಸಾಧ್ಯವಾಗದೆ ವರ್ಷಗಳು ಉರುಳಿದವು. ದೇಬಾ ಈ ನಡುವೆ ತಾಯಿಯಾದರು, ಓಟದ ಪ್ರಾಯವೂ ಸರಿಯಿತು. ೨೦೧೪ರಲ್ಲಿ ಕೈಸೇರಿದ್ದರೆ ಒಳ್ಳೆಯ ತರಬೇತಿಗೆ, ಹೆರಿಗೆಯ ನಂತರದ ಆರೈಕೆಗೆ, ಇನ್ನೆರಡು ವರ್ಷ ಚಿಂತೆಯಿಲ್ಲದ ಅಭ್ಯಾಸಕ್ಕೆ ಒದಗಬಹುದಾಗಿದ್ದ ಹಣವದು. ಕೊನೆಗೆ ೨೦೨೪ರಲ್ಲಿ ಪತ್ರಿಕೆಯೊಂದರಲ್ಲಿ ಅವರ ಕಥೆಯನ್ನೋದಿದ, ಅವರ ಪರಿಚಯವೂ ಇಲ್ಲದ ಉದ್ಯಮಿಯೊಬ್ಬರು ತಮ್ಮ ಸ್ವಂತ ಹಣದಿಂದ ೭೫,೦೦೦ ಡಾಲರನ್ನು ಅವರಿಗೆ ನೀಡಿದರು. ಯಾರೋ ಮಾಡಿದ ಅನ್ಯಾಯದ ಸಾಲವನ್ನು ಇನ್ಯಾರೋ ತೀರಿಸಿದ ಆ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಗುರಿಗೆರೆಯನ್ನು ಮೊದಲು ದಾಟುವ ಆ ಒಂದು ಗಳಿಗೆಯನ್ನು ಆ ಪುಣ್ಯಾತ್ಮರೂ ತಂದುಕೊಡಲಾಗಲಿಲ್ಲ.

ಮದ್ದಿನ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಎರಡು ಮಾತುಗಳಿಗೆ ಉತ್ತರಿಸುವುದು ಅಗತ್ಯ. ಮೊದಲನೆಯದು, ಬಡತನ ಮಾಡಿಸಿತು ಎಂಬುದು. ಕೀನ್ಯಾದ ಹಳ್ಳಿಯೊಂದರ ಕುಟುಂಬಕ್ಕೆ ಒಂದು ಗೆಲುವು ಎರಡು ತಲೆಮಾರಿನ ಬದುಕನ್ನು ಕಟ್ಟಿಕೊಡಬಲ್ಲದು. ಆ ಸೆಳೆತದ ಬಲವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ೧೦,೦೦೦ ಮೀಟರ್ ಓಟದ ಬೆಳ್ಳಿ ಗೆದ್ದು, ಸ್ಟೆರಾಯ್ಡ್ ಸೇವನೆ ಸಾಬೀತಾಗಿ ಪದಕ ಕಳೆದುಕೊಂಡ ಮಾರ್ಟಿ ವೈನಿಯೊ ಸಿರಿವಂತ ಫಿನ್ಲೆಂಡಿನವರು. ಹೊಟ್ಟೆಗಿಲ್ಲದವರಷ್ಟೇ ಈ ದಾರಿ ಹಿಡಿಯುತ್ತಾರೆಂಬುದು ಸುಳ್ಳು. ಮೇಲಾಗಿ, ಮದ್ದಿಲ್ಲದೆ ಓಡುವವರಲ್ಲಿಯೂ ಬಡವರಿದ್ದಾರೆ. ಕಳವಾಗುವುದು ಅವರ ಅನ್ನವೇ.

ಎರಡನೆಯದು, ಎಲ್ಲರಿಗೂ ಮದ್ದು ಮುಕ್ತವಾಗಿರಲಿ, ಆಗ ಮೋಸವೆಂಬ ಮಾತೇ ಉಳಿಯದು ಎಂಬ ವಾದ. ಕೇಳಲು ಜಾಣತನದ ಮಾತಿದು. ಹಾಗೆ ಮಾಡಿದರೆ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವವರೇ ಗೆಲ್ಲುತ್ತಾರೆ. ದೇಹವನ್ನು ಕಾಪಾಡಿಕೊಳ್ಳುವವರು ಹೊರಗೆ ಉಳಿಯುತ್ತಾರೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಓಡಲು ಕಲಿಯಬೇಕಾದರೆ ಮೊದಲು ಸೂಜಿಗೆ ತೋಳೊಡ್ಡಬೇಕಾದ ಆಟವನ್ನು ಯಾವ ತಂದೆತಾಯಿ ಮೆಚ್ಚಿಯಾರು?

ಜೆಪ್ಟೂ ಅವರ ಬಗೆಗೂ ನಾವು ನ್ಯಾಯವಾಗಿರಬೇಕು. ಅವರು ವಿಧಿಸಿದ ಶಿಕ್ಷೆಯನ್ನು ಅನುಭವಿಸಿದ್ದಾರೆ. ೨೦೦೬ರ ಮತ್ತು ೨೦೧೩ರ ಬಾಸ್ಟನ್ ಗೆಲುವುಗಳು, ೨೦೧೩ರ ಶಿಕಾಗೊ ಗೆಲುವು ಇಂದಿಗೂ ದಾಖಲೆಯಲ್ಲಿ ಅವರ ಹೆಸರಿನಲ್ಲಿಯೇ ಇವೆ. ಪುರಾವೆಯಿಲ್ಲದೆ ಅವನ್ನು ಅಲ್ಲಗಳೆಯುವುದು ತಪ್ಪು. ಆದರೆ ಒಂದು ತೊಟ್ಟು ಹುಳಿ ಕೊಡದ ಹಾಲನ್ನೆಲ್ಲ ಒಡೆಸುವಂತೆ, ಆ ಹಳೆಯ ಓಟಗಳನ್ನು ನೆನೆಯುವವರ ಮನಸ್ಸಿನಲ್ಲಿ ಈಗ ಅನುಮಾನವೊಂದು ಸೇರಿಬಿಟ್ಟಿದೆ. ಮಗುವನ್ನು ಹೆತ್ತು ಮರಳಿ ಬಂದು ಗೆದ್ದ ತಾಯಿಯ ಕಥೆ ಎಷ್ಟೋ ಹೆಣ್ಣುಮಕ್ಕಳಿಗೆ ಧೈರ್ಯವಾಗಬಹುದಾಗಿತ್ತು. ಅದನ್ನು ಪೂರ್ಣ ಮನಸ್ಸಿನಿಂದ ಹೇಳಲು ಇಂದು ಯಾರಿಗೂ ಬಾಯಿ ಬರುವುದಿಲ್ಲ. ಹಿಂದಿನ ದುಡಿಮೆಯ ಮೇಲೂ ನೆರಳು ಚೆಲ್ಲುವುದು ಈ ಮದ್ದಿನ ಗುಣ.

ದಶಕ ಕಳೆದರೂ ಪಾಠ ಮುಗಿದಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಕೀನ್ಯಾದವರೇ ಆದ ರೂತ್ ಚೆಪ್ನ್‌ಗೆಟಿಚ್ ಶಿಕಾಗೊದಲ್ಲಿ ೨ ಗಂಟೆ ೯ ನಿಮಿಷ ೫೬ ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿ, ೨ ಗಂಟೆ ೧೦ ನಿಮಿಷದೊಳಗೆ ಓಡಿದ ಮೊದಲ ಮಹಿಳೆಯೆನಿಸಿದರು. ೨೦೨೫ರ ಮಾರ್ಚಿನಲ್ಲಿ ನೀಡಿದ ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕಿ, ಅದೇ ವರ್ಷ ಅಕ್ಟೋಬರಿನಲ್ಲಿ ಅವರಿಗೆ ಮೂರು ವರ್ಷಗಳ ನಿಷೇಧವಾಯಿತು. ಮಾದರಿ ನೀಡುವುದಕ್ಕೆ ಮೊದಲಿನ ಓಟವಾದುದರಿಂದ ದಾಖಲೆ ಉಳಿದಿದೆ. ಆ ವಸ್ತು ಯಾವುದೆಂದು ಕೇಳಿದರೆ ನಮ್ಮ ಓದುಗರಲ್ಲಿ ಹಲವರು ಬೆರಗಾದಾರು: ಹೈಡ್ರೊಕ್ಲೋರೊಥಯಾಜೈಡ್. ರಕ್ತದೊತ್ತಡಕ್ಕೆಂದು ಎಷ್ಟೋ ಮನೆಗಳಲ್ಲಿ ಹಿರಿಯರು ಬೆಳಗಿನ ತಿಂಡಿಯೊಡನೆ ನುಂಗುವ ಗುಳಿಗೆಗಳಲ್ಲಿ ಇರುವುದು ಇದೇ. ಮೂತ್ರವನ್ನು ಹೆಚ್ಚಿಸಿ ಬೇರೆ ಮದ್ದುಗಳ ಸುಳಿವನ್ನು ತೆಳುವಾಗಿಸಬಲ್ಲದೆಂಬ ಕಾರಣಕ್ಕೆ ಇಂಥ ಗುಳಿಗೆಗಳು ಕ್ರೀಡಾಪಟುಗಳಿಗೆ ನಿಷಿದ್ಧ. ಅಜ್ಜನ ಪಾಲಿಗೆ ಆಯುಷ್ಯವಾಗುವುದು ಓಟಗಾರರ ಪಾಲಿಗೆ ಅಪರಾಧವಾಗುವುದೆಂದರೆ, ಮದ್ದಿನ ಗುಣದೋಷವೆಲ್ಲ ಅದು ಯಾರಿಗೆ, ಏತಕ್ಕೆ ಎಂಬುದರಲ್ಲಿದೆ ಎಂದೇ ಅರ್ಥ.

ಇದೆಲ್ಲ ದೂರದ ನಾಡಿನ ಮಾತೆಂದು ಸುಮ್ಮನಿರುವಂತಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಪ್ರಕಟಿಸಿದ ೨೦೨೩ರ ಅಂಕಿಅಂಶಗಳಂತೆ, ಭಾರತದಲ್ಲಿ ಪರೀಕ್ಷಿಸಿದ ೫,೬೦೬ ಮಾದರಿಗಳಲ್ಲಿ ೨೧೩ರಲ್ಲಿ ನಿಷೇಧಿತ ವಸ್ತುಗಳು ಕಂಡುಬಂದವು. ಅಂದರೆ ಶೇಕಡ ೩.೮. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ನಡುವೆ ಇದು ತಲೆತಗ್ಗಿಸಬೇಕಾದ ಮೊದಲ ಸ್ಥಾನ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರನ್ನು ನೆನೆಯೋಣ. ೨೦೧೦ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು ಕನ್ನಡಿಗರನ್ನು ಹರ್ಷಗೊಳಿಸಿದ ಅವರು, ಮರುವರ್ಷ ಸಹ ಓಟಗಾರ್ತಿಯರೊಂದಿಗೆ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಕೊಂಡರು. ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯ ಗುಳಿಗೆಯಲ್ಲಿ ಅದು ಬೆರೆತಿತ್ತೆಂದು ಅವರು ವಾದಿಸಿದರು. ಭಾರತದಲ್ಲಿ ಒಂದು ವರ್ಷಕ್ಕೆ ಸೀಮಿತವಾದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ ೨೦೧೨ರಲ್ಲಿ ಎರಡು ವರ್ಷಗಳಿಗೆ ಏರಿಸಿತು. ದೇಹದೊಳಗೆ ಸೇರಿದ್ದಕ್ಕೆಲ್ಲ ಆ ದೇಹದ ಒಡೆಯರೇ ಹೊಣೆ ಎಂಬುದು ಆ ಲೋಕದ ಕಟ್ಟಳೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ನಂಬುವ ನಮ್ಮವರೆಲ್ಲ ಈ ಪ್ರಕರಣವನ್ನು ನೆನಪಿಡಬೇಕು.

ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ವ್ಯಾಯಾಮಶಾಲೆಗಳು ತಲೆಯೆತ್ತಿವೆ. ತರುಣರು ದೇಹ ಬೆಳೆಸುವುದು ಸಂತೋಷದ ವಿಷಯ. ಆದರೆ ಡಬ್ಬಿಗಳಲ್ಲಿ ಮಾರುವ ಪುಡಿಗಳು, ಹೆಸರು ಹೇಳದ ಗುಳಿಗೆಗಳು, ಪರಿಚಿತರೊಬ್ಬರು ಗುಟ್ಟಾಗಿ ತಂದುಕೊಡುವ ಚುಚ್ಚುಮದ್ದುಗಳು ಅವರ ಕೈಸೇರದಂತೆ ನೋಡಿಕೊಳ್ಳುವ ಹೊಣೆ ಹಿರಿಯರದು. ವೈದ್ಯರ ಚೀಟಿಯಿಲ್ಲದ ಯಾವ ಸೂಜಿಯೂ ಬೇಡ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದಿದ್ದರೆ ಅದು ಮನೆಯೊಳಗೆ ಬರುವುದು ಬೇಡ. ಸ್ಪರ್ಧೆಗಳಲ್ಲಿ ಭಾಗವಹಿಸುವ ಮಕ್ಕಳು ನೆಗಡಿ ಜ್ವರಕ್ಕೆ ಮದ್ದು ಪಡೆಯುವಾಗಲೂ ತಾವು ಕ್ರೀಡಾಪಟುಗಳೆಂದು ವೈದ್ಯರಿಗೆ ಮೊದಲೇ ತಿಳಿಸಲಿ.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷ ವಯಸ್ಸಿನ ಭಾರತದ ಮಹಿಳೆಯರಲ್ಲಿ ಶೇಕಡ ೫೭ರಷ್ಟು ಮಂದಿಗೆ ರಕ್ತಹೀನತೆಯಿದೆ. ತುಂಬಿದ ಕೊಡಕ್ಕೆ ನೀರು ಸುರಿದು ಚೆಲ್ಲುವವರು ಒಂದೆಡೆಯಾದರೆ, ಖಾಲಿ ಕೊಡ ಹೊತ್ತು ಹೊಲ ಮನೆ ಎರಡನ್ನೂ ದುಡಿಯುವ ತಾಯಂದಿರು ಇನ್ನೊಂದೆಡೆ. ಸದಾ ಸುಸ್ತೆನ್ನುವ ಹೆಣ್ಣುಮಕ್ಕಳನ್ನು ಸೋಮಾರಿಗಳೆನ್ನದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಸಿರು ಸೊಪ್ಪು, ಕಾಳು, ರಾಗಿ ದಿನದ ಊಟದಲ್ಲಿರಲಿ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಚಹಾ 
ಕುಡಿದರೆ ಅದು ಕುಂದುತ್ತದೆ. ವೈದ್ಯರು ಕಬ್ಬಿಣದ ಗುಳಿಗೆ ಬರೆದುಕೊಟ್ಟರೆ ಅರ್ಧಕ್ಕೆ ಬಿಡದೆ ಪೂರ್ತಿ ಸೇವಿಸಿ. ರಕ್ತ ಹೆಚ್ಚಿಸಿಕೊಳ್ಳಬೇಕಾದವರು ನಮ್ಮಲ್ಲಿ ಇವರು.

ಕಡೆಯದಾಗಿ, ಈ ಪಿಡುಗಿನಲ್ಲಿ ನೋಡುವವರ ಪಾಲೂ ಇದೆಯೆಂಬುದನ್ನು ಭಕ್ತರ ಗಮನಕ್ಕೆ ತರಬಯಸುತ್ತೇವೆ. ಜಾತ್ರೆಯ ಓಟದ ಪಂದ್ಯವೇ ಇರಲಿ, ಶಾಲೆಯ ವಾರ್ಷಿಕ ಕ್ರೀಡೆಯೇ ಇರಲಿ, ಮೊದಲು ಬಂದ ಮಗುವಿಗೆ ಹಾರ, ಭಾವಚಿತ್ರ, ಬಹುಮಾನ ಎಲ್ಲವೂ ಸಲ್ಲುತ್ತದೆ; ಎರಡನೆಯವರ ಹೆಸರನ್ನು ಕೇಳುವವರೇ ಇರುವುದಿಲ್ಲ. ಮೊದಲ ಸ್ಥಾನವಿಲ್ಲದೆ ಬದುಕೇ ಇಲ್ಲವೆಂದು ಎಳೆಯ ಮನಸ್ಸಿನಲ್ಲಿ ಬಿತ್ತುವವರು ನಾವೇ. ಬೆಳೆದ ಮೇಲೆ ಅದಕ್ಕೆ ಮದ್ದಿನ ನೀರೆರೆಯುವವರು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಾರೆ. ಓಡಿ ಬಂದ ಮಗುವನ್ನು ಎಷ್ಟನೆಯ ಸ್ಥಾನವೆಂದು ಕೇಳುವ ಮೊದಲು ಹೇಗೆ ಓಡಿದೆ, ಹೋದ ವರ್ಷಕ್ಕಿಂತ ಹಗುರೆನಿಸಿತೇ, ಮೈ ನೋವಿದೆಯೇ ಎಂದು ಕೇಳೋಣ. ಮುಂದಿನ ಜಾತ್ರೆಯ ಪಂದ್ಯದಲ್ಲಿ ಎರಡನೆಯವರು ಗುರಿ ಮುಟ್ಟುವಾಗಲೂ ನಿಂತು ಚಪ್ಪಾಳೆ ತಟ್ಟೋಣ. ಬುಜುನೆಶ್ ದೇಬಾ ಅವರಿಗೆ ಅಂದು ಬಾಸ್ಟನ್ನಿನಲ್ಲಿ ಸಿಗದೆ ಹೋದದ್ದು ನಮ್ಮೂರಿನ ಮಗುವೊಂದಕ್ಕಾದರೂ ಸಕಾಲದಲ್ಲಿ ಸಿಗಲಿ.